ಆನೆಯ ಹೊಟ್ಟೆಯೊಳಗೆ ಮನೆ ಬರೆಯುವ ಮಗಳು

ಪ್ರಶ್ನೆ: ನಾವು ಆಲೂರು ತಾಲ್ಲೂಕಿನವರು. ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ ಇದೆ. ಮಗಳಿಗೆ ಏಳು ವರ್ಷ, ಎರಡನೇ ತರಗತಿ. ಪೆನ್ಸಿಲ್ ಹಿಡಿಯಲು ಬಂದಾಗಿನಿಂದ ಚಿತ್ರ ಬರೆಯುತ್ತಾಳೆ. ಕೈ ಬರೆಯುತ್ತಿದ್ದರೆ ಬಾಯಲ್ಲಿ ಕಥೆ ಓಡುತ್ತಲೇ ಇರುತ್ತಿತ್ತು. ಕಳೆದ ವರ್ಷದಿಂದ ಬರೀ ಆನೆ, ಅದೂ ಕಪ್ಪು ಕ್ರೇಯಾನ್‌ನಲ್ಲಿ. ಆನೆಯ ಹೊಟ್ಟೆಯೊಳಗೆ ನಮ್ಮ ಮನೆ, ಮನೆಯೊಳಗೆ ನಾವೆಲ್ಲ. ಕಥೆ ಇವತ್ತು ಹೇಳಿದ್ದು ನಾಳೆ ಇರುವುದಿಲ್ಲ. ದೀಪಾವಳಿಗೆ ಬಂದಿದ್ದ ನಮ್ಮ ಭಾವ ಇದನ್ನು ನೋಡಿ, ‘ಬರೀ ಕಪ್ಪು ಬಳಿಯುವುದು ಒಳ್ಳೆಯ ಲಕ್ಷಣವಲ್ಲ, ಡಾಕ್ಟರಿಗೆ ತೋರಿಸಿ’ ಎಂದರು. ಶಾಲೆಯಲ್ಲಿ ಟೀಚರ್ ‘ಆನೆ ಹೀಗಿರುವುದಿಲ್ಲ’ ಎಂದು ತಿದ್ದಿ ಕಳಿಸಿದರು. ಸರಿಯಾಗಿ ಕಲಿಯಲಿ ಎಂದು ಪಟ್ಟಣದ ಡ್ರಾಯಿಂಗ್ ಕ್ಲಾಸಿಗೆ ಸೇರಿಸಿದೆವು. ಈಗ ಸೀನರಿ ಚೆನ್ನಾಗಿ ಬರೆಯುತ್ತಾಳೆ, ಸ್ಪರ್ಧೆಯೊಂದರಲ್ಲಿ ಸಮಾಧಾನಕರ ಬಹುಮಾನವೂ ಬಂತು. ಆದರೆ ಮನೆಯಲ್ಲಿ ಬರೆಯುವುದು ನಿಂತಿದೆ. ಕಾಗದ ಕೊಟ್ಟರೆ ‘ನನಗೆ ಆನೆ ಬರುವುದಿಲ್ಲ, ನೀನೇ ಬರೆದುಕೊಡು’ ಎನ್ನುತ್ತಾಳೆ. ಕಥೆಯೂ ಇಲ್ಲ. ಊಟ, ನಿದ್ದೆ, ಶಾಲೆ, ಗೆಳತಿಯರು ಎಲ್ಲ ಮೊದಲಿನಂತೆಯೇ. ಡಾಕ್ಟರಿಗೆ ತೋರಿಸಬೇಕೇ? ಕ್ಲಾಸ್ ಬಿಡಿಸಬೇಕೇ? ಜನವರಿಯಲ್ಲಿ ಇನ್ನೊಂದು ಸ್ಪರ್ಧೆಯಿದೆ, ಹೆಸರು ಕೊಡಲೇ?

ಹಾಸನದ ಮಕ್ಕಳ ಮನಶ್ಶಾಸ್ತ್ರಜ್ಞೆಯ ಉತ್ತರ:

ಡಾಕ್ಟರ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಅದು ತಲೆಯಲ್ಲಿ ಕೊರೆಯುತ್ತಿದ್ದರೆ ಉಳಿದದ್ದನ್ನು ಓದಲು ನಿಮಗೆ ಮನಸ್ಸಾಗುವುದಿಲ್ಲ. ಉಣ್ಣುವ, ಮಲಗುವ, ಶಾಲೆಗೆ ಹೋಗುವ, ಗೆಳತಿಯರೊಡನೆ ಆಡುವ ಮಗುವನ್ನು ಕಪ್ಪು ಆನೆ ಬರೆದ ಒಂದೇ ಕಾರಣಕ್ಕೆ ಯಾರಿಗೂ ತೋರಿಸಬೇಕಾಗಿಲ್ಲ. ಯಾವಾಗ ತೋರಿಸಬೇಕು ಎಂಬುದು ಬೇರೆ ಮಾತು, ಮುಂದೆ ಬರೆದಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆನೆಯಲ್ಲ, ‘ನೀನೇ ಬರೆದುಕೊಡು’ ಎಂಬ ಮಾತು.

ಬಣ್ಣದ ಬಗ್ಗೆ ಓಡಾಡುವ ನಂಬಿಕೆಗಳಿಗೆ ಲೆಕ್ಕವಿಲ್ಲ. ಕಪ್ಪು ಬಳಿದರೆ ಖಿನ್ನತೆ, ಕೆಂಪು ಬಳಿದರೆ ಸಿಟ್ಟು, ಚಿತ್ರದ ಮನುಷ್ಯನಿಗೆ ಕೈ ಇಲ್ಲದಿದ್ದರೆ ಮನೆಯಲ್ಲಿ ಏನೋ ನಡೆಯುತ್ತಿದೆ ಎಂದೆಲ್ಲ ಪಟ್ಟಿ ಮಾಡಿದ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ನನಗೂ ಬರುತ್ತವೆ. ಮಕ್ಕಳ ಮುಂದೆ ಕ್ರೇಯಾನ್ ಡಬ್ಬಿ ತೆರೆದಿಟ್ಟು ನೋಡಿ, ಗೆರೆ ಎಳೆಯಲು ಬಹಳ ಮಂದಿ ಕಪ್ಪನ್ನೋ ಕಡುನೀಲಿಯನ್ನೋ ಎತ್ತಿಕೊಳ್ಳುತ್ತಾರೆ. ಬಿಳಿ ಕಾಗದದ ಮೇಲೆ ಅದು ಎದ್ದು ಕಾಣುತ್ತದೆ, ಅಷ್ಟೇ. ಹಳದಿಯಲ್ಲಿ ಆನೆ ಬರೆದರೆ ಸೊಂಡಿಲು ಎಲ್ಲಿ ಮುಗಿಯಿತೆಂದು ಬರೆದವಳಿಗೇ ತಿಳಿಯದು. ಮೇಲಾಗಿ ಆನೆ ಇರುವುದೇ ಕಪ್ಪಗೆ. ನಿಮ್ಮ ಭಾವನಿಗೆ ಅಷ್ಟು ಹೇಳಿದರೆ ಸಾಕು.

ಚಿತ್ರ ನೋಡಿ ಮಗುವನ್ನು ಅಳೆಯುವ ಪರೀಕ್ಷೆಗಳೇ ಇಲ್ಲವೇ ಎಂದರೆ ಇವೆ. 1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡ್‌ಎನಫ್ ಮನುಷ್ಯನ ಚಿತ್ರ ಬರೆಸಿ ಬುದ್ಧಿಯ ಬೆಳವಣಿಗೆಯನ್ನು ಅಂದಾಜು ಮಾಡುವ ಪರೀಕ್ಷೆಯೊಂದನ್ನು ರೂಪಿಸಿದರು. ಅದನ್ನು ಭಾರತದ ಮಕ್ಕಳಿಗೆ ಹೊಂದಿಸಿಕೊಂಡದ್ದೂ ಉಂಟು. ಅಲ್ಲಿ ಎಣಿಸುವುದು ಕಣ್ಣು, ಕಿವಿ, ಕತ್ತು, ಬೆರಳುಗಳಂಥ ವಿವರಗಳನ್ನು, ಬಣ್ಣಕ್ಕೆ ಅಂಕವಿಲ್ಲ. ಆ ಪರೀಕ್ಷೆಯನ್ನೂ ನಾವು ಒಂಟಿಯಾಗಿ ನಂಬುವುದಿಲ್ಲ. ತಂದೆತಾಯಿಯೊಡನೆ ಮಾತು, ಮಗುವಿನೊಡನೆ ಆಟ, ಶಾಲೆಯ ವರದಿ, ಬೇರೆ ಪರೀಕ್ಷೆಗಳು ಎಲ್ಲ ಸೇರಿದ ಮೇಲೆ ಅದರ ಪಾಲು ಒಂದಿಷ್ಟು. ಒಂದು ಹಾಳೆ ನೋಡಿ ಒಳಮನಸ್ಸನ್ನು ಹೇಳುವುದು ಮನಶ್ಶಾಸ್ತ್ರವಲ್ಲ, ಕವಡೆ ಶಾಸ್ತ್ರ.

ಇನ್ನು ಹೊಟ್ಟೆಯೊಳಗಿನ ಮನೆ. ನನಗೆ ಬಹಳ ಇಷ್ಟವಾದ ವಿವರ ಅದು. ಐದರಿಂದ ಎಂಟರ ನಡುವಿನ ಮಕ್ಕಳು ಬಸ್ ಬರೆದರೆ ಬಸ್ಸಿನ ತಗಡಿನ ಆಚೆಗೂ ಜನರ ಕಾಲು ಕಾಣುತ್ತದೆ; ಬಸುರಿ ಹಸುವನ್ನು ಬರೆದರೆ ಒಳಗೆ ಕರು ಕಾಣುತ್ತದೆ; ಗದ್ದೆ ಬರೆದರೆ ಮಣ್ಣಿನಡಿಯ ಏಡಿಯೂ ಕಾಣುತ್ತದೆ. ಫ್ರಾನ್ಸಿನ ಜಾರ್ಜ್ ಹೆನ್ರಿ ಲ್ಯೂಕೆ ಎಂಬ ವಿದ್ವಾಂಸ 1927ರಲ್ಲೇ ಇದನ್ನು ಗುರುತಿಸಿ, ಈ ವಯಸ್ಸಿನ ಮಗು ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು ಬರೆಯುತ್ತದೆ ಎಂದು ವಿವರಿಸಿದ್ದ. ಮನೆಯೊಳಗೆ ಅಮ್ಮ ಇದ್ದಾಳೆಂದು ಗೊತ್ತು, ಆದ್ದರಿಂದ ಗೋಡೆಯಿದ್ದರೂ ಅಮ್ಮ ಕಾಣಲೇಬೇಕು. ಮುಖ್ಯವಾದದ್ದು ದೊಡ್ಡದು, ಉಳಿದದ್ದು ಚಿಕ್ಕದು. ಆನೆ ಕಾಗದ ತುಂಬಿ ಮನೆ ಬೆಂಕಿಪೊಟ್ಟಣದಷ್ಟಾದರೆ ಅಳತೆ ತಪ್ಪಿಲ್ಲ. ಬರೆಯುವ ಹೊತ್ತಿಗೆ ಅವಳಿಗೆ ಆನೆ ಅಷ್ಟು ದೊಡ್ಡದಾಗಿತ್ತು.

ಆನೆಯೇ ಏಕೆ ಎಂದು ನೀವು ಕೇಳಿಲ್ಲ, ಆಲೂರಿನವರು ಕೇಳಬೇಕಾಗಿಯೂ ಇಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆಯಿಂದ ನನ್ನ ಬಳಿ ಬರುವ ಮಕ್ಕಳ ಕಾಗದದಲ್ಲಿ ಆನೆ ಇಲ್ಲದಿದ್ದರೆ ನನಗೆ ಆಶ್ಚರ್ಯ. ಕತ್ತಲಾದ ಮೇಲೆ ಅಂಗಳಕ್ಕೆ ಇಳಿಯಬೇಡ ಎಂಬ ಮಾತು, ದೂರದ ತೋಟದಲ್ಲಿ ಪಟಾಕಿಯ ಸದ್ದು, ಯಾವ ಊರಿನಲ್ಲಿ ಆನೆ ನಿಂತಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಬರುವ ಸಂದೇಶ, ಬೆಳಗ್ಗೆ ಎದ್ದರೆ ಮುರಿದ ಬೈನೆ ಮರ, ತುಳಿದ ಗದ್ದೆ. ಭೀಮನೆಂಬ ಸಲಗವನ್ನು ನೆಂಟರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುವ ಮಕ್ಕಳು ನಿಮ್ಮವರು. 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಕಾಡಿನಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ ದಸರಾ ಆನೆ ಅರ್ಜುನ ಸತ್ತಾಗ, ಆ ಭಾಗದ ಮಕ್ಕಳ ಚಿತ್ರಗಳಲ್ಲಿ ಅಂಬಾರಿ ಹೊತ್ತ ಆನೆ ಮಲಗಿರುತ್ತಿತ್ತು, ಕೆಲವರ ಕಾಗದದಲ್ಲಿ ಎದ್ದು ಹೊರಟೂ ಹೋಗುತ್ತಿತ್ತು. ದೊಡ್ಡವರು ಆ ಸುದ್ದಿಯನ್ನು ಜಗುಲಿಯಲ್ಲಿ ಕುಳಿತು ಹತ್ತು ಸಲ ಆಡಿಕೊಂಡು ಹಗುರಾಗುತ್ತಾರೆ. ಏಳು ವರ್ಷದವಳಿಗೆ ಅಷ್ಟು ಮಾತು ಇಲ್ಲ, ಕ್ರೇಯಾನ್ ಇದೆ. ಬರೆಯುವುದು, ಬರೆಯುತ್ತಾ ಹೇಳುವುದು ಎರಡೂ ಅವಳಿಗೆ ಒಂದೇ ಕೆಲಸ. ನೀವು ಹಾಳೆಯನ್ನಷ್ಟೇ ಚಿತ್ರ ಎಂದುಕೊಂಡಿದ್ದೀರಿ, ಅವಳ ಪಾಲಿಗೆ ಅದು ಹೇಳುತ್ತಿರುವ ಕಥೆಯ ಅರ್ಧ ಭಾಗ. ಇದಿಷ್ಟು ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿ ಬರುತ್ತದೆ.

ಕಥೆ ದಿನಕ್ಕೊಂದು ಬಗೆಯಾಗುವುದು ಸುಳ್ಳು ಹೇಳುವ ಅಭ್ಯಾಸವೇ ಎಂಬ ಅನುಮಾನ ನಿಮ್ಮ ಮಾತಿನ ಹಿಂದೆ ಇದ್ದಂತಿದೆ. ಅಲ್ಲ. ಏಳು ವರ್ಷದ ಮಗುವಿಗೆ ಕಥೆಗೂ ನಡೆದದ್ದಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ‘ಇದು ಕಥೆಯೋ, ನಿಜವಾಗಿ ನಡೆದದ್ದೋ?’ ಎಂದು ಮೆಲ್ಲಗೆ ಕೇಳಿದರೆ ಹೇಳಿಬಿಡುತ್ತದೆ, ಇಷ್ಟೂ ತಿಳಿಯದೇ ನಿನಗೆ ಎಂಬ ಮುಖ ಮಾಡಿಕೊಂಡು. ನಿನ್ನೆ ಆನೆ ಮನೆಯನ್ನು ನುಂಗಿತು, ಇವತ್ತು ಮಳೆಗೆ ನೆನೆಯದಿರಲಿ ಎಂದು ಒಳಗೆ ಇಟ್ಟುಕೊಂಡಿತು ಎಂದರೆ, ಭಯವನ್ನು ಅವಳು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಳೆ. ಒಂದೇ ಕಥೆಯನ್ನು ಎರಡು ದಿನ ಒಂದೇ ರೀತಿ ಹೇಳಿದ ಅಜ್ಜಿಯಾದರೂ ಎಲ್ಲಿದ್ದಾರೆ?

ಹಾಗಾದರೆ ಕೈ ನಿಂತದ್ದು ಏಕೆ? ಎರಡು ಪೆಟ್ಟು ಒಟ್ಟಿಗೆ ಬಿದ್ದಿದೆ ಎಂದು ನನ್ನ ಅಂದಾಜು. ಮೊದಲನೆಯದು ತಿದ್ದಿದ್ದು. ಟೀಚರ್ ಕೆಟ್ಟ ಮನಸ್ಸಿನಿಂದ ತಿದ್ದಿಲ್ಲ, ಕಾಗುಣಿತ ತಿದ್ದುವ ಕೈ ಆನೆಯನ್ನೂ ತಿದ್ದಿದೆ. ಮಗುವಿಗೆ ಅರ್ಥವಾದದ್ದು ಮಾತ್ರ, ಆನೆಗೆ ಒಂದು ಸರಿಯಾದ ರೂಪವಿದೆ, ಅದು ದೊಡ್ಡವರಿಗೆ ಗೊತ್ತು, ತನಗೆ ಗೊತ್ತಿಲ್ಲ ಎಂದು. ಎರಡನೆಯದು, ವಿಚಿತ್ರವೆನಿಸಬಹುದು, ಬಹುಮಾನ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಒಂದು ಪ್ರಯೋಗ ಮಾಡಿದರು. ತಾವಾಗಿಯೇ ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ಮಕ್ಕಳನ್ನು ಆರಿಸಿ, ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಇನ್ನು ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು, ಮತ್ತೆ ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದು ನೋಡಿದರೆ, ಪ್ರಶಸ್ತಿಯ ಆಸೆಗೆ ಬರೆದಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಪ್ರಶಸ್ತಿಗಾಗಿ ಬರೆದ ಚಿತ್ರಗಳ ಗುಣವೂ ಕಡಿಮೆಯಿತ್ತು. ಗಮನಿಸಿ, ಹೇಳದೆ ಕೊಟ್ಟ ಬಹುಮಾನ ಹಾಳು ಮಾಡಲಿಲ್ಲ. ಇದಕ್ಕಾಗಿ ಬರೆ ಎಂಬ ಷರತ್ತೇ ತೊಂದರೆ ಮಾಡುವುದು.

ಸೀನರಿಯ ಬಗ್ಗೆ ನನ್ನದೊಂದು ಸ್ವಂತ ತಕರಾರಿದೆ, ಕ್ಷಮಿಸಿ. ಎರಡು ತ್ರಿಕೋನ ಗುಡ್ಡ, ನಡುವೆ ಕಿರಣ ಬಿಟ್ಟ ಸೂರ್ಯ, ಅಲ್ಲಿಂದ ಹರಿದು ಬರುವ ಹೊಳೆ, ದಡದಲ್ಲಿ ಬಾಗಿದ ತೆಂಗಿನ ಮರ, ಒಂದು ದೋಣಿ, ಇಂಗ್ಲಿಷಿನ ವಿ ಅಕ್ಷರದಂಥ ಹಕ್ಕಿಗಳು. ಪಶ್ಚಿಮ ಘಟ್ಟದ ಬುಡದಲ್ಲಿ ಕುಳಿತ ಮಕ್ಕಳು ಈ ಗುಡ್ಡವನ್ನು ಯಾವ ಕಿಟಕಿಯಿಂದ ನೋಡಿದರು? ನಿಮ್ಮ ಕಡೆ ಸೂರ್ಯ ಗುಡ್ಡದ ಹಿಂದೆ ಮುಳುಗುತ್ತಾನೆ. ಹುಟ್ಟುವುದು ಬಯಲಿನ ಕಡೆಯಿಂದ. ಚಿಕ್ಕಮಗಳೂರಿನ ಸ್ಪರ್ಧೆಯಲ್ಲೂ ಇದೇ ಗುಡ್ಡ, ಅರಸೀಕೆರೆಯ ಸ್ಪರ್ಧೆಯಲ್ಲೂ ಇದೇ ಗುಡ್ಡ. ಹೆಸರಿನ ಚೀಟಿ ಮುಚ್ಚಿದರೆ ಯಾವುದು ಯಾರ ಚಿತ್ರವೆಂದು ತಾಯಿಗೂ ಗೊತ್ತಾಗುವುದಿಲ್ಲ. ನಿಮ್ಮ ಮಗಳ ಆನೆಯನ್ನು ನೂರರಲ್ಲಿ ಗುರುತಿಸಬಹುದು.

ಆದರೂ ಕ್ಲಾಸುಗಳೇ ಬೇಡ ಎನ್ನುವವಳು ನಾನಲ್ಲ. ಒಂಬತ್ತು ಹತ್ತು ವರ್ಷದ ಸುಮಾರಿಗೆ ಮಕ್ಕಳೇ ತಮ್ಮ ಚಿತ್ರ ನಿಜವಾದದ್ದರ ಹಾಗೆ ಕಾಣಬೇಕೆಂದು ಹಟ ಹಿಡಿಯುತ್ತಾರೆ. ಹಾಗೆ ಕಾಣದಿದ್ದಾಗ ಅಳಿಸಿ, ಹರಿದು, ಕೊನೆಗೆ ನನಗೆ ಬರುವುದಿಲ್ಲ ಎಂದು ಬಿಟ್ಟೇಬಿಡುತ್ತಾರೆ. ದೊಡ್ಡವರಾದ ಬಹುಪಾಲು ಜನರ ಚಿತ್ರ ಹತ್ತರ ಮಗುವಿನ ಚಿತ್ರದಂತೆಯೇ ಉಳಿದುಬಿಡುವುದು ಇದಕ್ಕೇ. ನೆರಳು, ದೂರ ಹತ್ತಿರ, ಅಳತೆ ಇವನ್ನು ಕಲಿಸುವ ಒಳ್ಳೆಯ ಮೇಷ್ಟ್ರು ಆಗ ಬೇಕು. ಪ್ರೌಢಶಾಲೆಗೆ ಬಂದಾಗ ಲೋಯರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೂ ಅದು ಉಪಯೋಗವಾದೀತು. ನಿಮ್ಮ ಮಗಳ ವಿಷಯದಲ್ಲಿ ಆಗಿರುವುದೆಂದರೆ, ಆ ಹಟ ಹುಟ್ಟುವ ಮೊದಲೇ ಅದರ ಸೋಲನ್ನು ಅವಳ ಕೈಗೆ ಕೊಟ್ಟಿದ್ದೇವೆ.

ಈಗ ಕ್ಲಾಸಿನ ಪ್ರಶ್ನೆ. ತಕ್ಷಣ ಬಿಡಿಸಿದರೆ, ತಾನು ಚೆನ್ನಾಗಿ ಬರೆಯದ್ದಕ್ಕೆ ಬಿಡಿಸಿದರು ಎಂದು ಅವಳು ತಿಳಿಯಬಹುದು. ಅಲ್ಲಿ ಗೆಳತಿಯರಿದ್ದರೆ ಅದೂ ಹೋಗುತ್ತದೆ. ಹಾಗೇ ಮುಂದುವರಿಸಿದರೆ ನಕಲು ಮಾಡುವುದೇ ಚಿತ್ರಕಲೆ ಎಂಬುದು ಗಟ್ಟಿಯಾಗುತ್ತದೆ. ನನಗೆ ಸರಿ ಕಾಣುವ ದಾರಿ, ಮೇಷ್ಟ್ರ ಬಳಿ ನೇರ ಹೋಗಿ ಮಾತಾಡುವುದು. ‘ಸರ್, ಅರ್ಧ ಗಂಟೆ ಅವಳಿಗೆ ಮನಸ್ಸಿಗೆ ಬಂದದ್ದನ್ನು ಬರೆಯಲು ಬಿಡಿ, ತಿದ್ದಬೇಡಿ’ ಎಂದು ಕೇಳಿ. ಒಪ್ಪಿದರೆ ಮುಂದುವರಿಸಿ. ‘ಹಾಗೆಲ್ಲ ಬಿಟ್ಟರೆ ಕಲಿಯುವುದಿಲ್ಲ’ ಎಂದರೆ ಈ ತಿಂಗಳ ಫೀಸು ಮುಗಿದ ಮೇಲೆ ಸುಮ್ಮನೆ ನಿಲ್ಲಿಸಿ, ಎರಡು ವರ್ಷ ಬಿಟ್ಟು ಅವಳೇ ಕೇಳಿದಾಗ ಮತ್ತೆ ಸೇರಿಸಿ. ಏಳರಿಂದ ಒಂಬತ್ತರವರೆಗೆ ಕ್ಲಾಸಿಗೆ ಹೋಗದ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. ಶಾಲೆಯಲ್ಲಿ ದೂರುವ ಧಾಟಿ ಬೇಡ. ಟೀಚರಿಗೆ ಹಳೆಯ ಚಿತ್ರಗಳ ಕಟ್ಟು ತೋರಿಸಿ, ಅವುಗಳ ಕಥೆ ಹೇಳಿ. ಸರ್ಕಾರಿ ಶಾಲೆಯಾಗಿದ್ದರೆ ಇನ್ನೂ ಸುಲಭ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಹಾಡು, ಕಥೆ, ಚಿತ್ರ ಇವು ಪಾಠದ ಒಳಗೇ ಇವೆ. ಅವರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಇದಕ್ಕಿಂತ ಮುಖ್ಯ. ‘ನೀನೇ ಬರೆದುಕೊಡು’ ಎಂದಾಗ ಬರೆದುಕೊಡಬೇಡಿ. ನೀವು ಚೆನ್ನಾಗಿ ಬರೆದರೆ ಅವಳ ಆನೆ ಇನ್ನಷ್ಟು ಕುಗ್ಗುತ್ತದೆ. ಹಾಗೆಂದು ‘ನೀನೇ ಬರೆಯಬೇಕು’ ಎಂದು ಗದರಿದರೆ ಕಾಗದವನ್ನೇ ದ್ವೇಷಿಸುತ್ತಾಳೆ. ಪಕ್ಕದಲ್ಲಿ ಕುಳಿತು ನಿಮ್ಮದೇ ಕಾಗದದಲ್ಲಿ ನಿಮ್ಮದೇ ಏನನ್ನಾದರೂ ಬರೆಯಿರಿ, ಒಲೆ, ಕೋಳಿ, ಕಾಫಿ ಒಣಹಾಕಿದ ಕಣ. ವಕ್ರವಾಗಿದ್ದಷ್ಟೂ ಒಳ್ಳೆಯದು. ಅವಳು ಆನೆ ಬರೆಯಲಾರೆ ಎಂದರೆ ಆನೆಯ ಬಗ್ಗೆ ಕೇಳಿ: ಎಲ್ಲಿಂದ ಬಂತು, ತೋಟದ ಬೇಲಿ ಹೇಗೆ ದಾಟಿತು, ದಾಟುವಾಗ ಯಾವ ಕಾಲು ಮೊದಲಿಟ್ಟಿತು? ಎದ್ದು ಆನೆಯ ಹಾಗೆ ಅಂಗಳದಲ್ಲಿ ನಡೆದು ತೋರಿಸಲಿ. ಮೈಯಲ್ಲಿ ಆನೆ ಬಂದರೆ ಕೈಗೆ ಬರುವುದು ತಡವಾಗುವುದಿಲ್ಲ. ಮೊಬೈಲಿನಲ್ಲಿ ಆರರ ಅಂಕಿಯಿಂದ ಆನೆ ಬರೆಯುವುದನ್ನು ತೋರಿಸುವ ವಿಡಿಯೊಗಳನ್ನು ಸದ್ಯಕ್ಕೆ ದೂರ ಇಡಿ. ಬಣ್ಣ ತುಂಬುವ ಪುಸ್ತಕ ವಿಷವೇನಲ್ಲ. ಬಸ್ಸಿನಲ್ಲಿ ಹೊತ್ತು ಕಳೆಯಲು ಆಗುತ್ತದೆ, ಚಿತ್ರ ಬರೆಯುವುದರ ಬದಲಿಗೆ ಮಾತ್ರ ಅಲ್ಲ.

ಸಾಮಾನಿಗೆ ದುಡ್ಡು ಸುರಿಯಬೇಡಿ. ದುಬಾರಿ ಡ್ರಾಯಿಂಗ್ ಪುಸ್ತಕ ಕೊಟ್ಟರೆ ಹಾಳೆ ಹಾಳಾದೀತೆಂಬ ಹೆದರಿಕೆ ಜೊತೆಗೆ ಬರುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿ, ಒಲೆಯ ಇದ್ದಿಲು, ಸೀಮೆಸುಣ್ಣ, ನೀರಲ್ಲಿ ಕದಡಿದ ಕೆಮ್ಮಣ್ಣು, ಉಳಿದ ಕಾಫಿ ಡಿಕಾಕ್ಷನ್ ಸಾಕು. ಡಿಕಾಕ್ಷನ್ನಿನಲ್ಲಿ ಬಟ್ಟೆ ಸುತ್ತಿದ ಕಡ್ಡಿ ಅದ್ದಿ ಬರೆದರೆ ತಿಳಿಕಂದು ಆನೆ ಬರುತ್ತದೆ, ಎರಡು ಸಲ ಬಳಿದರೆ ಗಾಢವಾಗುತ್ತದೆ. ಸಿಮೆಂಟ್ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಮತ್ತೂ ಒಳ್ಳೆಯದು, ಮಳೆ ಬಂದರೆ ಅಳಿಸಿಹೋಗುತ್ತದೆಯಾದ್ದರಿಂದ ಸರಿ ತಪ್ಪಿನ ಭಾರ ಇರುವುದಿಲ್ಲ.

ಅವಳು ಮತ್ತೆ ಹೇಳತೊಡಗಿದಾಗ ಬರೆದುಕೊಳ್ಳುವವರು ನೀವಾಗಿ. ಚಿತ್ರದ ಕೆಳಗೆ ಅವಳಾಡಿದ ಮಾತನ್ನು ಅವಳಾಡಿದಂತೆಯೇ ಬರೆಯಿರಿ, ವ್ಯಾಕರಣ ಸರಿಮಾಡದೆ, ನೀತಿ ಸೇರಿಸದೆ. ಬರೆದದ್ದನ್ನು ಓದಿ ಹೇಳಿ. ತನ್ನ ಬಾಯಿಯ ಮಾತು ಅಕ್ಷರವಾಗಿ ಕುಳಿತು ಮತ್ತೆ ಕಿವಿಗೆ ಬೀಳುವುದನ್ನು ಕೇಳುವ ಮಗುವಿನ ಮುಖ ನೋಡಬೇಕು. ಓದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಶಿಕಾಗೊದ ಶಿಕ್ಷಕಿ ವಿವಿಯನ್ ಪೇಲಿ ಪುಟ್ಟ ಮಕ್ಕಳು ಹೇಳಿದ ಕಥೆಗಳನ್ನು ಹೀಗೆ ಬರೆದುಕೊಂಡು, ಅವನ್ನು ತರಗತಿಯ ಮಕ್ಕಳಿಂದಲೇ ಆಡಿಸುತ್ತಿದ್ದರು. ‘ಇದೇನು?’ ಎಂದು ಕೇಳಬೇಡಿ, ಅದರಲ್ಲಿ ನನಗೆ ಗೊತ್ತಾಗಲಿಲ್ಲ ಎಂಬ ದೂರು ಇದೆ. ‘ಇದರ ಕಥೆ ಹೇಳು’, ‘ಆಮೇಲೆ?’ ಇವೆರಡು ಸಾಕು. ‘ವಾಹ್, ಸೂಪರ್’ ಎಂಬ ಹೊಗಳಿಕೆಗಿಂತ ‘ಈ ಆನೆಯ ಬಾಲದಲ್ಲಿ ಕೂದಲು ಕೂಡ ಬರೆದಿದ್ದೀಯಲ್ಲ’ ಎಂಬ ಮಾತು ಅವಳನ್ನು ಮತ್ತೆ ಕಾಗದದ ಬಳಿಗೆ ಕರೆತರುತ್ತದೆ. ಚಿತ್ರದ ಮೂಲೆಯಲ್ಲಿ ಅವಳ ಹೆಸರು, ತಾರೀಖು ಇರಲಿ. ಬೇಲೂರಿನ ಗುಡಿಯಲ್ಲಿ ದಾಸೋಜ, ಅವನ ಮಗ ಚಾವಣ ಮುಂತಾದವರು ತಾವು ಕೆತ್ತಿದ ಶಿಲ್ಪಗಳ ಅಡಿಯಲ್ಲಿ ಹೆಸರು ಹಾಕಿಕೊಂಡಿದ್ದಾರೆ. ಈ ಸಂಗತಿ ಅವಳಿಗೂ ತಿಳಿಯಲಿ.

ಗುಡಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಒಂದು ಭಾನುವಾರ ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಅಡಿಪಟ್ಟಿಯ ತುಂಬ ಆನೆಗಳ ಸಾಲು, ಅದರ ಮೇಲಿನ ಪಟ್ಟಿಗಳಲ್ಲೊಂದರಲ್ಲಿ ರಾಮಾಯಣ, ಮಹಾಭಾರತದ ಕಥೆಗಳು. ತರೀಕೆರೆ ತಾಲ್ಲೂಕಿನ ಅಮೃತಾಪುರದವರೆಗೂ ಹೋಗುವುದಾದರೆ ಇನ್ನೂ ಚೆಂದ: 1196ರ ಆ ಗುಡಿಯ ಗೋಡೆಯಲ್ಲಿ ಕಥೆಯ ಫಲಕಗಳು 140 ಇವೆ. ದಕ್ಷಿಣದ ಗೋಡೆಯ 70ರಲ್ಲಿ ರಾಮಾಯಣ, ಅದೂ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಇತಿಹಾಸ ಹೇಳಿ ಬೇಸರ ಮಾಡಬೇಡಿ. ‘ಇಲ್ಲಿ ಏನಾಗುತ್ತಿದೆ, ಮುಂದೆ ಏನಾಯಿತು?’ ಎಂದು ಅವಳನ್ನೇ ಕೇಳುತ್ತಾ ಗೋಡೆಯುದ್ದಕ್ಕೂ ನಡೆಯಿರಿ. ಕಥೆಯನ್ನು ಚಿತ್ರ ಚಿತ್ರವಾಗಿ ಸಾಲಾಗಿಡಬಹುದು ಎಂಬುದು ಅವಳ ಕಣ್ಣಿಗೇ ಬೀಳುತ್ತದೆ.

ಬಹುಮಾನದ ಬದಲು ಸಂಭ್ರಮ ಬೇಕು, ಮಕ್ಕಳಿಗೆ ಅದು ಬೇಕೇ ಬೇಕು. ಕಾಫಿ ಕುಯ್ಲು ಮುಗಿದ ಮೇಲೆ ಒಂದು ಸಂಜೆ ಅಂಗಳದಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್‌ಗಳಲ್ಲಿ ಚಿತ್ರಗಳನ್ನು ತೂಗುಹಾಕಿ. ನೆರೆಯ ಮಕ್ಕಳನ್ನೂ ತೋಟದ ಕೆಲಸದವರ ಲೈನ್ ಮನೆಯ ಮಕ್ಕಳನ್ನೂ ಕರೆಯಿರಿ. ಒಬ್ಬೊಬ್ಬರೂ ತಮ್ಮ ಚಿತ್ರದ ಮುಂದೆ ನಿಂತು ಕಥೆ ಹೇಳಲಿ, ತುಳುವಿನಲ್ಲಿ ಹೇಳಿದರೂ ತಮಿಳಿನಲ್ಲಿ ಹೇಳಿದರೂ ಸರಿಯೇ. ಚಿತ್ರ ಎದುರಿಗಿರುವುದರಿಂದ ಅರ್ಧ ಅರ್ಥವಾಗುತ್ತದೆ. ತೀರ್ಪುಗಾರರು ಬೇಡ, ಮೊದಲ ಎರಡನೆಯ ಸ್ಥಾನ ಬೇಡ. ಎಲ್ಲರಿಗೂ ಮಂಡಕ್ಕಿ, ಕಾಫಿ. ಕತ್ತಲಾಗುವ ಮೊದಲು ಮುಗಿಸಿ, ನಿಮ್ಮ ಕಡೆ ಅದನ್ನು ನಾನು ಹೇಳಬೇಕಾಗಿಲ್ಲ. ಹಾಳೆಗಳನ್ನು ಸೂಜಿದಾರದಲ್ಲಿ ಹೊಲಿದು ಪುಸ್ತಕ ಮಾಡಿದರೆ ಅಜ್ಜಿಯ ಮನೆಗೂ ಒಯ್ಯಬಹುದು. ಮೊಬೈಲಿನ ಸ್ಟೇಟಸ್‌ಗೆ ಹಾಕುವ ಮೊದಲು ಅವಳನ್ನು ಕೇಳಿ. ಬೇಡ ಎಂದರೆ ಬೇಡ. ಹಾಕಿದರೂ ಶಾಲೆಯ ಹೆಸರು, ಪೂರ್ಣ ವಿಳಾಸ ಕಾಣದಿರಲಿ. ನೆಂಟರ ತಮಾಷೆಯ ಒಂದು ಸಾಲು ಟೀಚರ ಕೆಂಪು ಪೆನ್ನಿಗಿಂತ ಆಳಕ್ಕೆ ಇಳಿಯಬಹುದು.

ಇನ್ನು ತಜ್ಞರನ್ನು ಯಾವಾಗ ನೋಡಬೇಕು? ಚಿತ್ರವನ್ನಲ್ಲ, ಮಗುವನ್ನು ಗಮನಿಸಿ. ಆನೆಯ ಕಥೆ ಪ್ರತಿ ಸಲ ಒಂದೇ ಜಾಗದಲ್ಲಿ ಸಿಕ್ಕಿಕೊಂಡು, ಯಾರೂ ಹೊರಬರದೆ, ಬರೆಯುವಾಗ ಖುಷಿಯ ಬದಲು ಮೈ ಬಿಗಿಯಾಗುತ್ತಿದ್ದರೆ. ರಾತ್ರಿ ಚೀರಿ ಏಳುತ್ತಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ. ಶಾಲೆಗೆ, ಅಥವಾ ಯಾರೋ ಒಬ್ಬರ ಬಳಿಗೆ ಹೋಗಲು ಒಲ್ಲೆ ಎಂದು ಹಟ ಹಿಡಿದರೆ. ಇಂಥವು ಕೆಲವು ವಾರ ಮುಂದುವರಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಿತ್ರದಲ್ಲಾಗಲಿ ಮಾತಿನಲ್ಲಾಗಲಿ ಯಾರೋ ತನ್ನನ್ನು ನೋಯಿಸಿದರೆಂದು ಮಗು ಹೇಳಿದರೆ ವಾರಗಟ್ಟಲೆ ಕಾಯಬೇಡಿ, ಅಡ್ಡಪ್ರಶ್ನೆ ಹಾಕಬೇಡಿ, ಹೇಳಿದ್ದನ್ನು ಹಾಗೆಯೇ ಬರೆದಿಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಉಳಿದದ್ದು ಜನವರಿಯ ಸ್ಪರ್ಧೆ. ಸ್ಪರ್ಧೆ ಎಂದರೆ ಕೆಟ್ಟದ್ದೆಂದು ನಾನು ಹೇಳಲಾರೆ. ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳಿ ಮೊದಲ ಸಲ ವೇದಿಕೆ ಹತ್ತಿದ ಮಕ್ಕಳನ್ನು ನೋಡಿದ್ದೇನೆ. ನಿರ್ಧಾರ ಅವಳದಾಗಲಿ. ಹೋಗುತ್ತೇನೆ ಎಂದರೆ ಹೆಸರು ಕೊಡಿ, ಏನು ಬರೆಯಬೇಕೆಂದು ಹೇಳಿಕೊಡಬೇಡಿ, ಹಿಂದಿನ ದಿನ ಅಭ್ಯಾಸ ಮಾಡಿಸಬೇಡಿ. ಬಹುಮಾನ ಬಂದರೂ ಬರದಿದ್ದರೂ ಹೋಟೆಲಿನಲ್ಲಿ ದೋಸೆ ಕೊಡಿಸುವುದೆಂದು ಮೊದಲೇ ಮಾತಾಗಲಿ. ಸುಮ್ಮನಿದ್ದರೆ ಎರಡನೇ ಸಲ ಕೇಳಬೇಡಿ, ಈ ವರ್ಷ ಬಿಟ್ಟುಬಿಡಿ.